ಪಹಣಿಯಲ್ಲಿಲ್ಲದ ಹೆಸರು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟದ ಮನೆಗಳಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಏನು ಮಾಡಬೇಕು ಎಂಬುದು ಮನೆ ಕಟ್ಟಿದ ರೀತಿಯಲ್ಲೇ ಬರೆದಿಟ್ಟಂತಿತ್ತು. ಮುಂದಿನ ಜಗಲಿ ಗಂಡಸರದು. ಕವಳದ ಬಟ್ಟಲು, ಲೆಕ್ಕದ ಪುಸ್ತಕ, ಬಂದವರೊಡನೆ ವ್ಯವಹಾರದ ಮಾತು ಎಲ್ಲವೂ ಅಲ್ಲಿಯೇ. ಅಡುಗೆಮನೆ, ಬಚ್ಚಲು, ಕೊಟ್ಟಿಗೆ, ಹಿತ್ತಲು ಹೆಂಗಸರದು. ಹೆಗಡೆಕಟ್ಟಾದಂಥ ಊರಿನಲ್ಲಿ ಮನೆಗಳು ಗುಡ್ಡದ ಬುಡದಲ್ಲಿ ಬಿಡಿಬಿಡಿಯಾಗಿ ನಿಂತಿರುತ್ತವೆ. ಎದುರಿಗೆ ಕಣಿವೆಯ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಒಂದು ಮನೆಯ ಹೆಂಗಸು ಇನ್ನೊಂದು ಮನೆಯ ಹೆಂಗಸಿನ ಮುಖ ನೋಡಲು ತೋಟ ದಾಟಿಯೇ ಹೋಗಬೇಕು. ಮಳೆಗಾಲದಲ್ಲಿ ಅದೂ ಇಲ್ಲ.

ತೋಟವೆಂದರೆ ಗಂಡಸಿನ ದುಡಿಮೆ ಎಂಬ ಎಣಿಕೆ ಇಲ್ಲಿ ಗಟ್ಟಿಯಾಗಿದ್ದರೂ ಅಡಿಕೆಯ ಒಂದು ವರ್ಷವನ್ನು ಜಾಡು ಹಿಡಿದು ನೋಡಿದರೆ ಚಿತ್ರ ಬೇರೆಯೇ ಕಾಣುತ್ತದೆ. ಕೊನೆಗೌಡ ಮರವೇರಿ ಕೊನೆ ಕೊಯ್ಯುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಕಾಲುವೆ ಬಿಡಿಸುವುದು ಗಂಡಸರ ಪಾಲು. ಮರದಿಂದ ಇಳಿದ ಮೇಲಿನ ಅಡಿಕೆಯ ಆಯುಷ್ಯವೆಲ್ಲ ಬಹುಪಾಲು ಹೆಂಗಸರ ಕೈಯಲ್ಲಿ. ಉದುರು ಅಡಿಕೆ ಹೆಕ್ಕುವುದು, ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ತಡವಾಗುವ ತನಕ ಸುಲಿಯುವುದು, ಬೇಯಿಸಿದ್ದನ್ನು ಹರವುವುದು, ಮೋಡ ಬಂದರೆ ಓಡಿ ಮುಚ್ಚುವುದು, ಒಣಗಿದ ಮೇಲೆ ರಾಶಿ, ಬೆಟ್ಟೆ ಎಂದು ಆರಿಸುವುದು. ಇದರ ಜೊತೆಗೆ ಏಲಕ್ಕಿ, ಕಾಳುಮೆಣಸು ಬಿಡಿಸುವ ಕೆಲಸ. ತೋಟದ ಬುಡಕ್ಕೆ ಬೀಳುವ ಗೊಬ್ಬರವೂ ಅವರದೇ: ಬೆಟ್ಟದಿಂದ ಸೊಪ್ಪು, ದರಕು ಹೊತ್ತು ತಂದು ಕೊಟ್ಟಿಗೆಗೆ ಹಾಸಿ, ಸಗಣಿ ಬಾಚಿ ಗುಂಡಿಗೆ ಸುರಿದವರು ಮನೆಯ ಹೆಂಗಸರು ಮತ್ತು ಕೂಲಿಗೆ ಬಂದ ಹೆಂಗಸರು.

ಆ ಅಡಿಕೆ ಮೂಟೆಯಾಗಿ ಶಿರಸಿ ಪೇಟೆಗೆ ಹೋದ ಕ್ಷಣದಿಂದ ಹೆಂಗಸಿನ ಹೆಸರು ಅಳಿಸಿಹೋಗುತ್ತದೆ. ದಲಾಲರ ವಖಾರಿಯಲ್ಲಿ ಮಾರಿದರೂ 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿಯಲ್ಲಿ ಮಾರಿದರೂ ಖಾತೆ ಯಜಮಾನನದು, ಪಟ್ಟಿಯ ಹಣವೂ ಅವನ ಕೈಗೆ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದರ ಬಣ್ಣಕ್ಕೂ ರುಚಿಗೂ ಕಾರಣವೆಂದು ಹೇಳುವ ಸಂಸ್ಕರಣೆಯ ಕೌಶಲ ಬಹುಪಾಲು ಅಂಗಳದಲ್ಲಿ, ಹೆಂಗಸರ ಕೈಯಲ್ಲಿ ಬೆಳೆದದ್ದು. ಹೆಂಗಸರಿಗೆ ತಮ್ಮದೆನ್ನಲು ಇದ್ದದ್ದು ಹಾಲು, ತುಪ್ಪ, ಹಪ್ಪಳದಿಂದ ಬರುವ ಚಿಲ್ಲರೆ ಕಾಸು.

ಈ ಸೀಮೆಯ ತೋಟಗಾರರಾದ ಹವ್ಯಕ ಬ್ರಾಹ್ಮಣರ ಸಮಾಜದಲ್ಲಿ ಹೆಣ್ಣಿನ ಕೊರತೆ ಇಂದಿನದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವರದಕ್ಷಿಣೆಯ ಬದಲು ಹೆಣ್ಣಿನ ತಂದೆಗೇ ಹಣ ಕೊಟ್ಟು ಮದುವೆಯಾಗುವ ರೂಢಿಯಿತ್ತು. ಹಣವಿದ್ದ ಮುದುಕ ಎಳೆಯ ಹುಡುಗಿಯನ್ನು ತರುತ್ತಿದ್ದ, ಹಣವಿಲ್ಲದ ಯುವಕ ಮದುವೆಯಿಲ್ಲದೆ ಉಳಿಯುತ್ತಿದ್ದ. ಹೊನ್ನಾವರ ಬಳಿಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಬರೆದ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ದ ವಸ್ತುವೇ ಈ ಕನ್ಯಾವಿಕ್ರಯ. ಹವ್ಯಕರ ಆಡುಮಾತನ್ನು ರಂಗಕ್ಕೆ ತಂದ, ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಹೆಸರಾದ ಕೃತಿಯದು. ಕನ್ನಡದ ಸಾಮಾಜಿಕ ನಾಟಕ ಪರಂಪರೆ ಉತ್ತರ ಕನ್ನಡದ ಮದುವೆಯ ಮಾರುಕಟ್ಟೆಯಿಂದ ಶುರುವಾಯಿತು ಎಂದರೂ ತಪ್ಪಿಲ್ಲ.

ಬೆಲೆ ಕೊಟ್ಟು ತಂದದ್ದಕ್ಕೆ ಮರ್ಯಾದೆ ಹೆಚ್ಚೇನೂ ಇರಲಿಲ್ಲ. ವಯಸ್ಸಾದ ಗಂಡ ತೀರಿಕೊಂಡರೆ ಹುಡುಗಿಯ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಮಡಿ ಅಡುಗೆಗೆ ನಿಲ್ಲಿಸುತ್ತಿದ್ದರು. ಇಂಥ ವಿಧವೆಯರೇ ಅನೇಕ ಕೂಡುಕುಟುಂಬಗಳ ಅಡುಗೆಮನೆಯನ್ನು ದಶಕಗಟ್ಟಲೆ ನಡೆಸಿದರು. 1929ರ ಶಾರದಾ ಕಾಯ್ದೆ ಹುಡುಗಿಯರ ಮದುವೆಯ ವಯಸ್ಸನ್ನು 14ಕ್ಕೆ ಏರಿಸಿತು. ಆದರೆ ಬಾಲ್ಯವಿವಾಹ ಇಲ್ಲಿ ನಿಂತದ್ದು ಕಾಯ್ದೆಗಿಂತ ಹೆಚ್ಚಾಗಿ ಶಾಲೆಯಿಂದ, ಅದೂ ಒಂದು ತಲೆಮಾರು ಕಳೆದ ಮೇಲೆ.

ಜಗಲಿ ದಾಟಿ ಬೀದಿಗೆ ಬಂದ ಹೆಂಗಸರು ಮೊದಲು ಸಾಮೂಹಿಕವಾಗಿ ಕಾಣಿಸಿಕೊಂಡದ್ದು 1932ರ ಕರನಿರಾಕರಣೆಯಲ್ಲಿ. ಅಂಕೋಲೆ, ಸಿದ್ದಾಪುರ ತಾಲ್ಲೂಕುಗಳ ರೈತರು ತೀರ್ವೆ ಕೊಡದೆ ನಿಂತಾಗ ಬ್ರಿಟಿಷ್ ಸರ್ಕಾರ ಮನೆ, ತೋಟ, ಪಾತ್ರೆ–ಪಗಡಗಳನ್ನೂ ಜಪ್ತಿ ಮಾಡಿ ಹರಾಜಿಗಿಟ್ಟಿತು. ಗಂಡಸರು ಜೈಲಿನಲ್ಲಿದ್ದರು. ಹರಾಜಿನ ಆಸ್ತಿ ಕೊಂಡವರ ಮನೆಯೆದುರು ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. ಅವರ ನೆನಪಿನ ಸ್ಮಾರಕ ಅಲ್ಲಿ ಇಂದೂ ಇದೆ. ದೊಡ್ಮನೆಯ ಮಹಾದೇವಿತಾಯಿ ಹೋರಾಟದಿಂದ ವಾರ್ಧಾದ ಆಶ್ರಮಜೀವನಕ್ಕೆ ಹೋದರು. ಹೆಂಗಸರು ಅಂದು ಉಪವಾಸ ಕೂತದ್ದು ತಮ್ಮ ಹೆಸರಿನಲ್ಲಿಲ್ಲದ ಭೂಮಿಗಾಗಿ. ಮುಂದೆ 1930ರ ದಶಕದ ಕೊನೆಯಲ್ಲಿ ಕಾಂಗ್ರೆಸ್ ಸಚಿವ ಸಂಪುಟದ ಕಾಲದಲ್ಲಿ ಜಪ್ತಿಯಾದ ಜಮೀನು ಮರಳಿದಾಗಲೂ ಅದು ಹೋಗಿ ಸೇರಿದ್ದು ಹಳೆಯ ಖಾತೆದಾರರಿಗೇ.

ಇದೇ ಕಥೆ 1974ರಲ್ಲಿ ಇನ್ನೂ ದೊಡ್ಡದಾಗಿ ಮರುಕಳಿಸಿತು. ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದುಮಾಡಿ ಗೇಣಿದಾರರಿಗೆ ಭೂಮಿ ಕೊಟ್ಟಿತು. ಉತ್ತರ ಕನ್ನಡದಲ್ಲಿ ಗದ್ದೆ, ತೋಟಗಳ ದೊಡ್ಡ ಪಾಲು ಗೇಣಿಯದಾಗಿದ್ದರಿಂದ ಅದರ ಪರಿಣಾಮ ಆಳವಾಗಿತ್ತು. ನಾಮಧಾರಿ, ಕರಿಒಕ್ಕಲಿಗ ಮುಂತಾದ ಸಮುದಾಯಗಳ ಸಾವಿರಾರು ಕುಟುಂಬಗಳು ಒಡೆಯರ ಮುಲಾಜಿನಿಂದ ಹೊರಬಂದವು. ಅರ್ಜಿ ಕೊಟ್ಟವನು ಕುಟುಂಬದ ಯಜಮಾನ, ಹಕ್ಕುಪತ್ರ ಬಂದದ್ದೂ ಅವನ ಹೆಸರಿಗೆ. ನಾಟಿ ಮಾಡಿದವಳು, ಕಳೆ ಕಿತ್ತವಳು ಭೂನ್ಯಾಯ ಮಂಡಳಿಯ ಕಡತದಲ್ಲಿ ಹೆಚ್ಚೆಂದರೆ ಇಂಥವನ ಹೆಂಡತಿಯಾಗಿ ಉಳಿದಳು. ಜಾತಿಯ ಅಂತರವನ್ನು ಅಷ್ಟಿಷ್ಟು ತಗ್ಗಿಸಿದ ಕಾಯ್ದೆ, ಭೂಮಿಯೆಂದರೆ ಗಂಡಸಿನದು ಎಂಬ ಮಾತನ್ನು ಎಲ್ಲ ಜಾತಿಗಳಲ್ಲೂ ಒಂದೇ ಸಮ ಊರ್ಜಿತಗೊಳಿಸಿತು.

1980ರ ದಶಕ ಬರುವ ಹೊತ್ತಿಗೆ ಹಳ್ಳಿಗಳಿಗೆ ಪ್ರೌಢಶಾಲೆ ಬಂದಿತ್ತು, ಶಿರಸಿಯ ಕಾಲೇಜಿಗೆ ಬಸ್ಸು ಸಿಗುತ್ತಿತ್ತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸಮೀಪದ ಕಾಡಿನಲ್ಲಿ ಊರವರು ಮರಗಳನ್ನು ಅಪ್ಪಿ ನಿಂತು ಅರಣ್ಯ ಇಲಾಖೆಯ ಕಡಿತವನ್ನು ತಡೆದರು. ಅಪ್ಪಿಕೊ ಚಳವಳಿ ಎಂದು ಹೆಸರಾದ ಈ ಹೋರಾಟದ ಮಾತುಗಾರರು ಪಾಂಡುರಂಗ ಹೆಗಡೆ ಮೊದಲಾದ ಗಂಡಸರೇ ಆದರೂ ಕಾಡಿಗೆ ನಡೆದವರಲ್ಲಿ ಹೆಂಗಸರೂ ಇದ್ದರು. ಸೊಪ್ಪು, ಸೌದೆ, ನೀರಿನ ಒರತೆ ಬತ್ತಿದರೆ ಮೊದಲು ಗೊತ್ತಾಗುವುದು ಹೊತ್ತು ತರುವವರಿಗೆ.

ಅದೇ ವರ್ಷ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ಸಿದ್ದಾಪುರದ ದೊಡ್ಮನೆಯವರು. ಅವರ ಸರ್ಕಾರ ತಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಶೇ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1987ರ ಆರಂಭದಲ್ಲಿ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿಗೆ ಆರು ವರ್ಷ ಮೊದಲೇ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ಪಂಚಾಯಿತಿ ಕುರ್ಚಿಯಲ್ಲಿ ಕೂತರು. 1993ರ ಕಾಯ್ದೆಯಲ್ಲಿ ಮೂರನೇ ಒಂದು ಪಾಲು, 2010ರ ತಿದ್ದುಪಡಿಯಿಂದ ಅರ್ಧ. ಅಧ್ಯಕ್ಷೆಯ ಪರವಾಗಿ ಗಂಡ ಮಾತಾಡುವ ದೃಶ್ಯ ಶಿರಸಿ ಸೀಮೆಗೂ ಹೊಸದಲ್ಲ. ಆದರೆ ಎರಡು ಮೂರು ಅವಧಿ ಕಳೆದ ಮೇಲೆ ಪಿಡಿಒ ಜೊತೆ ನೇರವಾಗಿ ಜಗಳಾಡಿ ಕೆಲಸ ಮಾಡಿಸುವ ಸದಸ್ಯೆಯರೂ ಕಂಡರು. ಮೀಸಲಾತಿಯನ್ನು ಅಣಕಿಸುವವರು ಸಾಮಾನ್ಯವಾಗಿ ಮೊದಲ ಅವಧಿಯನ್ನಷ್ಟೇ ನೋಡಿರುತ್ತಾರೆ.

ಮೇಲಿಂದ ಬಂದ ಸಮಾನತೆ ಎಷ್ಟು ಕಾಲ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಪ್ರಯೋಗ ನಡೆದದ್ದು ರಷ್ಯಾದಲ್ಲಿ. ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ, 1917ರ ಡಿಸೆಂಬರ್‌ನಲ್ಲಿ, ನಾಗರಿಕ ವಿವಾಹ ಮತ್ತು ಸುಲಭ ವಿಚ್ಛೇದನದ ಆದೇಶಗಳು ಹೊರಟವು. 1919ರಲ್ಲಿ ಪಕ್ಷದೊಳಗೆ ಝೆನೊಟ್‌ಡೆಲ್ ಎಂಬ ಮಹಿಳಾ ವಿಭಾಗ ಹುಟ್ಟಿತು. ಹೆಣ್ಣಿನ ಪ್ರಶ್ನೆ ಬಗೆಹರಿಯಿತೆಂದು ಸಾರಿ ಸ್ಟಾಲಿನ್ ಕಾಲದಲ್ಲಿ, 1930ರಲ್ಲಿ, ಅದನ್ನು ಮುಚ್ಚಲಾಯಿತು. ಟ್ರ್ಯಾಕ್ಟರ್ ಓಡಿಸುವ ಹೆಣ್ಣು, 1963ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ವ್ಯಾಲೆಂಟಿನಾ ತೆರೆಶ್ಕೋವಾ ಮುಂತಾದ ಚಿತ್ರಗಳು ಸೋವಿಯತ್ ಪತ್ರಿಕೆಗಳ ನುಣುಪು ಹಾಳೆಯಲ್ಲಿ ಭಾರತದ ಹಳ್ಳಿಗಳನ್ನೂ ತಲುಪಿದವು. ಹಾಳೆ ಗಟ್ಟಿಯಿದ್ದುದರಿಂದ ಅವು ಶಾಲೆಯ ಮಕ್ಕಳ ಪಠ್ಯಪುಸ್ತಕದ ಹೊದಿಕೆಯಾದದ್ದೇ ಹೆಚ್ಚು. ಚಿತ್ರದಲ್ಲಿ ಕಾಣದ ಸಂಗತಿಯೆಂದರೆ, ದುಡಿಯುವವರಲ್ಲಿ ಅರ್ಧದಷ್ಟಿದ್ದ ಆ ಹೆಂಗಸರು ಕಾರ್ಖಾನೆಯಿಂದ ಬಂದು ಅಂಗಡಿಯ ಸಾಲಿನಲ್ಲಿ ನಿಂತು, ಅಡುಗೆ ಮಾಡಿ, ಬಟ್ಟೆ ಒಗೆದು ಮತ್ತೊಂದು ಪಾಳಿ ಮುಗಿಸುತ್ತಿದ್ದರು. ಮನೆಯ ಕೆಲಸವನ್ನು ಗಂಡಸಿಗೂ ಹಂಚುವುದು ರಾಜ್ಯದ ಯೋಜನೆಯಲ್ಲಿರಲಿಲ್ಲ.

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯುವ ಮೊದಲೇ ಗಾಳಿ ತಿರುಗಿತ್ತು. ಹೆಣ್ಣು ತನ್ನ ಸಹಜ ಕರ್ತವ್ಯಕ್ಕೆ ಮರಳುವಂತಾಗಬೇಕು ಎಂಬ ವಾದವನ್ನು ಗೋರ್ಬಚೇವ್ 1987ರ ತಮ್ಮ 'ಪೆರೆಸ್ತ್ರೋಯಿಕಾ' ಪುಸ್ತಕದಲ್ಲಿಯೇ ಮಂಡಿಸಿದ್ದರು. ಮಾರುಕಟ್ಟೆ ಬಂದಾಗ ಕಾರ್ಖಾನೆಗಳ ಶಿಶುವಿಹಾರಗಳು ಮುಚ್ಚಿದವು, ಮೊದಲು ಕೆಲಸ ಕಳೆದುಕೊಂಡವರಲ್ಲಿ ಹೆಂಗಸರೇ ಹೆಚ್ಚಿದ್ದರು. ಸೋವಿಯತ್ ಕಾಲದ ಕೋಟಾ ಹೋದ ಮೇಲೆ ಶಾಸನಸಭೆಯಲ್ಲಿ ಅವರ ಸಂಖ್ಯೆ ಕುಸಿಯಿತು; 'ರಷ್ಯಾದ ಮಹಿಳೆಯರು' ಎಂಬ ಕೂಟ 1993ರಲ್ಲಿ ಶೇ 8ರಷ್ಟು ಮತ ಪಡೆದು ಡೂಮಾ ಪ್ರವೇಶಿಸಿತಾದರೂ 1995ರಲ್ಲಿ ಶೇ 5ರ ಗಡಿ ದಾಟಲಾಗದೆ ಸೋತಿತು. ಭಾರವಾದ, ಅಪಾಯದ ಕೆಲಸವೆಂದು ಹೆಣ್ಣುಮಕ್ಕಳಿಗೆ ನಿಷೇಧಿಸಿದ ಉದ್ಯೋಗಗಳ ಪಟ್ಟಿಯಲ್ಲಿ 2000ದಲ್ಲಿ 456 ಬಾಬುಗಳಿದ್ದವು. ಅದನ್ನು ಸುಮಾರು ನೂರಕ್ಕೆ ಇಳಿಸಿದ್ದು 2021ರ ಜನವರಿಯಿಂದ. ಆಗ ಮಾಸ್ಕೋ ಮೆಟ್ರೊ ರೈಲಿನ ಚಾಲಕರ ಆಸನದಲ್ಲಿ ಮತ್ತೆ ಹೆಂಗಸರು ಕೂತರು. ನಡುವೆ, 2017ರಲ್ಲಿ, ಗಂಭೀರ ಗಾಯವಾಗದ ಮೊದಲ ಸಲದ ಕೌಟುಂಬಿಕ ಹೊಡೆತವನ್ನು ಅಪರಾಧದಿಂದ ದಂಡ ಕಟ್ಟಿ ಮುಗಿಸುವ ತಪ್ಪಿಗೆ ಇಳಿಸಲಾಯಿತು.

1991 ಭಾರತದ ಆರ್ಥಿಕತೆ ತೆರೆದುಕೊಂಡ ವರ್ಷವೂ ಹೌದು. ರಷ್ಯಾದಲ್ಲಿ ಮಾರುಕಟ್ಟೆ ಹೆಂಗಸರನ್ನು ಸಂಬಳದ ಕೆಲಸದಿಂದ ಮನೆಯ ಕಡೆ ನೂಕಿದರೆ, ಶಿರಸಿ ಸೀಮೆಯ ತೋಟಗಾರರ ಹೆಣ್ಣುಮಕ್ಕಳನ್ನು ಅದೇ ಮಾರುಕಟ್ಟೆ ಮನೆಯಿಂದ ಸಂಬಳದ ಕಡೆಗೆ ಎಳೆಯಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು, ಬ್ಯಾಂಕು, ಶಾಲೆ, ಆಸ್ಪತ್ರೆಗಳು ಕೆಲಸ ಕೊಡುತ್ತಿದ್ದವು. ಹೆಣ್ಣುಮಕ್ಕಳನ್ನು ಓದಿಸುವುದಕ್ಕೆ ತಂದೆತಾಯಿಯರ ತಕರಾರು ಇರಲಿಲ್ಲ, ತೋಟ ಹೇಗೂ ಗಂಡುಮಕ್ಕಳದ್ದು ಎಂಬ ಲೆಕ್ಕವೇ ಇದಕ್ಕೆ ಅನುಕೂಲವಾಯಿತು. ಮಗಳಿಗೆ ಕೊಡಲು ಆಸ್ತಿಯಿಲ್ಲ, ಆದ್ದರಿಂದ ಓದು ಕೊಟ್ಟರು. ಮಗನಿಗೆ ಕೊಡಲು ತೋಟವಿತ್ತು, ಆದ್ದರಿಂದ ಒಬ್ಬನಾದರೂ ಊರಲ್ಲಿ ಉಳಿಯಬೇಕಾಯಿತು. ಹಿಸ್ಸೆಯಲ್ಲಿ ಹೆಣ್ಣಿಗೆ ಆದ ಅನ್ಯಾಯವೇ ತಿರುಗಿ ಬಂದು ಊರಿನ ಗಂಡುಮಕ್ಕಳ ಕಾಲಿಗೆ ತೊಡಕಿಕೊಂಡದ್ದು ಹೀಗೆ.

ಪರಿಣಾಮ ಕಾಣಿಸಿದ್ದು ಮದುವೆಯಲ್ಲಿ. 'ಮಾಣಿ ಊರಲ್ಲಿದ್ದ, ಕೂಸು ಸಿಕ್ತಿಲ್ಲೆ' (ಹುಡುಗ ಊರಲ್ಲಿದ್ದಾನೆ, ಹುಡುಗಿ ಸಿಗುತ್ತಿಲ್ಲ) ಎನ್ನುವುದು ಮೂರೂ ತಾಲ್ಲೂಕುಗಳ ಜಗಲಿಗಳಲ್ಲಿ ಮಾಮೂಲಿ ಮಾತಾಯಿತು. ಹೆಣ್ಣಿನ ಕೊರತೆಗೆ ಭ್ರೂಣಹತ್ಯೆ ಕಾರಣವೆಂದು ಬೇರೆ ಕಡೆ ಹೇಳಬಹುದು. ಉತ್ತರ ಕನ್ನಡಕ್ಕೆ ಅದು ಸಲ್ಲುವುದು ಕಡಿಮೆ: 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ ರಾಜ್ಯದಲ್ಲಿ 973 ಹೆಂಗಸರಿದ್ದರೆ ಈ ಜಿಲ್ಲೆಯಲ್ಲಿ 979 ಇದ್ದರು. ಹೆಣ್ಣುಮಕ್ಕಳು ಹುಟ್ಟಿದರು, ಓದಿದರು, ಊರಿನ ವರನನ್ನು ಒಲ್ಲೆ ಎಂದರು, ಅಷ್ಟೆ. ಬಡತನವೊಂದೇ ಕಾರಣವಲ್ಲ ಎನ್ನುವುದಕ್ಕೂ ಸಾಕ್ಷಿ ಇದೆ. 2021ರಲ್ಲಿ ರಾಶಿ ಅಡಿಕೆಯ ದರ ಕ್ವಿಂಟಲ್‌ಗೆ 50 ಸಾವಿರ ರೂಪಾಯಿಯ ಆಸುಪಾಸಿಗೆ ಏರಿತ್ತು. ಆ ವರ್ಷವೇ ತಮಿಳುನಾಡು ಬ್ರಾಹ್ಮಣ ಸಂಘ ಅಲ್ಲಿಯ ಬ್ರಾಹ್ಮಣ ಯುವಕರಿಗಾಗಿ ಉತ್ತರ ಪ್ರದೇಶ, ಬಿಹಾರಗಳಲ್ಲಿ ವಧು ಹುಡುಕುವುದಾಗಿ ಪ್ರಕಟಿಸಿತು. 30ರಿಂದ 40 ವರ್ಷದೊಳಗಿನ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಹೆಣ್ಣು ಸಿಗುತ್ತಿಲ್ಲ ಎಂದು ಅದರ ಅಧ್ಯಕ್ಷರು ಹೇಳಿದರು. ಇದು ಒಂದು ಸೀಮೆಯ ಕಷ್ಟವಲ್ಲ, ಒಂದು ಜಾತಿಯದೂ ಅಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಸೀಮೆಯ ಅವಿವಾಹಿತ ರೈತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು.

ಹುಡುಗಿಯರ ನಿರಾಕರಣೆಯನ್ನು ಪೇಟೆಯ ಮೋಹ ಎಂದು ಬೈಯುವುದು ಸುಲಭ, ಸಮುದಾಯದ ಸಭೆಗಳಲ್ಲಿ ಹಾಗೆ ಬೈದದ್ದೂ ಉಂಟು. ಆದರೆ ಆ ಹುಡುಗಿಯರು ತಮ್ಮ ಆಯಿಯ (ತಾಯಿಯ) ದಿನಚರಿಯನ್ನು ಹತ್ತಿರದಿಂದ ನೋಡಿ ಬೆಳೆದವರು: ಬೆಳಗಿನ ಕೊಟ್ಟಿಗೆ, ಆಸ್ರಿ (ತಿಂಡಿ), ಊಟ, ಕೂಲಿಯವರ ಚಹಾ, ಮಧ್ಯಾಹ್ನ ಹರವಿದ ಅಡಿಕೆ, ರಾತ್ರಿ ಸುಲಿತ, ತಿಂಗಳ ಮೂರು ದಿನ ಹೊರಗೆ ಕೂರುವುದು, ಇಷ್ಟಾದರೂ ಹತ್ತು ರೂಪಾಯಿಗೂ ಕೇಳಿ ಪಡೆಯಬೇಕಾದ ಸ್ಥಿತಿ. ಅವರು ತಿರಸ್ಕರಿಸಿದ್ದು ಅಡಿಕೆ ಮರವನ್ನಲ್ಲ, ಈ ದಿನಚರಿಯನ್ನು. ಮಹಿಳಾ ಸಂಘಟನೆಯ ಘೋಷಣೆಯಾಗಲಿ ಕರಪತ್ರವಾಗಲಿ ಇಲ್ಲದೆ, ಒಂದೊಂದೇ ಮನೆಯಲ್ಲಿ ಒಂದೊಂದೇ ಹುಡುಗಿ ಹೇಳಿದ ಒಲ್ಲೆ ಎಂಬ ಮಾತು ಈ ಸೀಮೆಯ ಗಂಡು–ಹೆಣ್ಣಿನ ಸಂಬಂಧವನ್ನು ಕಾಯ್ದೆಗಳಿಗಿಂತ ಹೆಚ್ಚು ಅಲುಗಾಡಿಸಿದೆ.

ಕಾಯ್ದೆಗಳು ಇರಲಿಲ್ಲ ಎಂದಲ್ಲ. ಕರ್ನಾಟಕದ ಹಿಂದೂ ಉತ್ತರಾಧಿಕಾರ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು, ಅಲ್ಲಿಯತನಕ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಪಾಲು ಕೊಟ್ಟಿತು. ಕೇಂದ್ರದ 2005ರ ತಿದ್ದುಪಡಿ ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ತಂದೆ ಆ ದಿನ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಹೇಳಿತು. ಇಷ್ಟೆಲ್ಲ ಆದರೂ 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಶೇ 14ರಷ್ಟು ಮಾತ್ರ.

ಹಕ್ಕಿಗೂ ಪಹಣಿಗೂ ನಡುವೆ ಉಪನೋಂದಣಿ ಕಚೇರಿ ಇದೆ. ತಂದೆ ತೀರಿಕೊಂಡ ಮೇಲೆ ವಾರಸಾ ಆಗುವಾಗ ಅಕ್ಕತಂಗಿಯರು ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ತವರಿನ ಬಾಗಿಲು ತೆರೆದಿರಬೇಕು, ಮಗಳ ಮದುವೆಗೆ ಸೋದರಮಾವ ಬಂದು ನಿಲ್ಲಬೇಕು, ಎಕರೆ ಎರಡೆಕರೆ ತೋಟವನ್ನು ನಾಲ್ಕು ಪಾಲು ಮಾಡಿದರೆ ಯಾರಿಗೂ ಬದುಕಿಲ್ಲ. ಈ ವಾದಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅದೇ ಎರಡೆಕರೆ ಇಬ್ಬರು ಅಣ್ಣತಮ್ಮಂದಿರ ನಡುವೆ ಹಿಸ್ಸೆಯಾಗುವಾಗ ತುಂಡು ಭೂಮಿಯ ಆರ್ಥಿಕತೆ ಯಾರಿಗೂ ಅಷ್ಟಾಗಿ ನೆನಪಾಗುವುದಿಲ್ಲ. ಪಾಲು ಕೇಳಿದ ಅಕ್ಕನ ಮೇಲೆ ಊರಿಡೀ ಮುನಿಸಿಕೊಳ್ಳುತ್ತದೆ, ಕೇಳಿದ ತಮ್ಮನ ಮೇಲೆ ಮುನಿಸು ಆ ಮನೆಯೊಳಗೇ ಮುಗಿಯುತ್ತದೆ.

ಹೆಣ್ಣಿನ ಹೆಸರನ್ನು ಕೇಳದೆಯೇ ಭೂಮಿಯ ಕಾಗದದಲ್ಲಿ ಬರೆಯುವ ಕಾಯ್ದೆಯೊಂದಿದೆ: 2006ರ ಅರಣ್ಯ ಹಕ್ಕು ಕಾಯ್ದೆ. ವಿವಾಹಿತರಾದರೆ ಹಕ್ಕುಪತ್ರ ಗಂಡ–ಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿರಬೇಕು ಎಂದು ಅದರ ನಾಲ್ಕನೆಯ ಪ್ರಕರಣ ಹೇಳುತ್ತದೆ. 1974ರಲ್ಲಿ ಹೊಳೆಯದೇ ಹೋದದ್ದು ಇಲ್ಲಿ ಹೊಳೆದಿದೆ. ಆದರೆ ಕಾಡಿನ ಅತಿಕ್ರಮಣ ಸಕ್ರಮದ ಅರ್ಜಿಗಳು ರಾಶಿ ಬಿದ್ದಿರುವ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದವರಲ್ಲದವರು 75 ವರ್ಷಗಳ ವಾಸದ ದಾಖಲೆ ತೋರಿಸಬೇಕು. ಬಹುಪಾಲು ಅರ್ಜಿಗಳು ಅಲ್ಲಿಯೇ ಬಿದ್ದುಹೋದವು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಯರಿಗೆ ಈ ದಾರಿ ಸ್ವಲ್ಪ ಸಲೀಸು, ಯಲ್ಲಾಪುರದ ಕಡೆ ಜಂಟಿ ಹೆಸರಿನ ಪತ್ರ ಹಿಡಿದ ಸಿದ್ದಿ ಹೆಂಗಸು ತೋಟದೊಡೆಯರ ಮನೆಯ ಹೆಂಡತಿಗಿಂತ ದಾಖಲೆಯಲ್ಲಿ ಒಂದು ಹೆಜ್ಜೆ ಮುಂದೆ.

ದಾಖಲೆಯಲ್ಲಿ ಮುಂದಿದ್ದರೂ ಬದುಕಿನಲ್ಲಿ ಅಲ್ಲ. ತೋಟದ ಹೆಣ್ಣುಮಕ್ಕಳ ಕಥೆಯನ್ನು ಒಡೆಯರ ಮನೆಯಿಂದಷ್ಟೇ ಹೇಳಿದರೆ ಅದು ಅರ್ಧಕ್ಕೆ ನಿಂತಂತೆ. ಸಿದ್ದಿ, ನಾಮಧಾರಿ, ಕರಿಒಕ್ಕಲಿಗ, ಗೌಳಿ ಹೆಂಗಸರಿಗೆ ಜಗಲಿ–ಅಡುಗೆಮನೆಯ ಗೋಡೆ ಅಷ್ಟು ಬಿಗಿಯಾಗಿರಲಿಲ್ಲ. ಅವರು ಯಾವಾಗಲೂ ಹೊರಗೆ ದುಡಿದವರು, ಕೈಯಲ್ಲಿ ಅಷ್ಟಿಷ್ಟು ಕೂಲಿಯ ದುಡ್ಡೂ ಇತ್ತು. ಆದರೆ ಗಂಡಾಳು, ಹೆಣ್ಣಾಳು ಎಂದು ಎರಡು ದರ. ಗೊಬ್ಬರ ಹೊರುವ ಭಾರದಲ್ಲಿ ಇಲ್ಲದ ವ್ಯತ್ಯಾಸ ಸಂಜೆಯ ಕೂಲಿಯಲ್ಲಿ ಇರುತ್ತಿತ್ತು. ಅಡಿಕೆ ಸುಲಿತ ಮಾತ್ರ ಕೆಲಸದ ಲೆಕ್ಕದ್ದಾದ್ದರಿಂದ, ಕೈ ಚುರುಕಿದ್ದ ಹೆಂಗಸು ಹಂಗಾಮಿನಲ್ಲಿ ಗಂಡಸಿಗಿಂತ ಹೆಚ್ಚು ದುಡಿಯುವುದು ಅಪರೂಪವಲ್ಲ. 2006ರ ಉದ್ಯೋಗ ಖಾತರಿ ಯೋಜನೆ ಇಬ್ಬರಿಗೂ ಒಂದೇ ಕೂಲಿ ಗೊತ್ತುಮಾಡಿದ ಮೇಲೆ ತೋಟದ ದರದ ಮೇಲೂ ಅದರ ಒತ್ತಡ ಬಿತ್ತು. ಈಗ ಆಳು ಸಿಗದ ಕಾಲ. ಸುಲಿಯುವ ಯಂತ್ರಗಳು ಬಂದಿವೆ. ಯಂತ್ರ ನಡೆಸುವವರು ಗಂಡಸರು, ಅದು ಉಳಿಸಿದ ಒಡಕು, ಅರೆಸುಲಿತವನ್ನು ಕೂತು ಆರಿಸುವವರು ಮತ್ತೆ ಹೆಂಗಸರು.

ಮರ ಹತ್ತುವುದು ಗಂಡಸಿನದೇ ಎಂಬ ಅಲಿಖಿತ ನಿಷೇಧ ರಷ್ಯಾದ 456 ಬಾಬುಗಳಷ್ಟೇ ಬಲವಾಗಿತ್ತು. ಅದನ್ನು ಸಡಿಲಿಸುತ್ತಿರುವುದೂ ಆಳಿನ ಅಭಾವವೇ. ನೆಲದಲ್ಲಿ ನಿಂತೇ ಕೊನೆ ಕೊಯ್ಯುವ, ಔಷಧ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ ಕೆಲವು ವರ್ಷಗಳಿಂದ ತೋಟಕ್ಕೆ ಬಂದಿದೆ. ಬಂಟ್ವಾಳ ತಾಲ್ಲೂಕಿನ ರೈತ ಗಣಪತಿ ಭಟ್ಟರು ರೂಪಿಸಿದ ಮರ ಏರುವ ಬೈಕು 2019ರಲ್ಲಿ ದೇಶಕ್ಕೆಲ್ಲ ಪರಿಚಯವಾದದ್ದು ಅವರ ಮಗಳು ಅದರಲ್ಲಿ ಕೂತು ಸರ್ರನೆ ಅಡಿಕೆ ಮರವೇರಿದ ವಿಡಿಯೊದಿಂದ.

ಗಂಡಸರ ಕೆಲಸವೂ ಬದಲಾಗಿದೆ, ಸದ್ದಿಲ್ಲದೆ. ಈ ಸೀಮೆಯ ಗಂಡಸರಿಗೆ ಅಡುಗೆ ಬಾರದೆಂದಲ್ಲ. ಮದುವೆ, ಮುಂಜಿ, ಶ್ರಾದ್ಧಗಳಲ್ಲಿ ಸಾವಿರ ಎಲೆಯ ಊಟ ಮಾಡಿಹಾಕುವ ಅಡುಗೆ ಭಟ್ಟರು ಗಂಡಸರೇ. ದುಡ್ಡು, ಹೆಸರು ಬರುವ ಅಡುಗೆ ಅವರದು, ದಿನದ ಅಡುಗೆ ಹೆಂಗಸರದು ಎಂಬ ವಿಂಗಡಣೆ ಮಾತ್ರ ಇತ್ತು. ಮದುವೆಯಾಗದ ಮಗ ಮತ್ತು ವಯಸ್ಸಾದ ತಾಯಿ ಮಾತ್ರ ಇರುವ ಮನೆಗಳು ಹೆಚ್ಚಿದಂತೆ ಮಗ ತಂಬುಳಿ, ಅಪ್ಪೆಹುಳಿ ಕಲಿತ. ಸೊಸೆ ಬಂದ ಮನೆಯಲ್ಲಿಯೂ ಗ್ಯಾಸು, ಮಿಕ್ಸಿ, ಬಟ್ಟೆ ತೊಳೆಯುವ ಯಂತ್ರ, ಮನೆಯೊಳಗಿನ ಬಚ್ಚಲುಗಳು ಮದುವೆಗೆ ಮೊದಲೇ ಸಿದ್ಧವಾಗುತ್ತವೆ. ಹೊರಗೆ ಕೂರುವ ರೂಢಿ ಕೂಸು ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ಸಡಿಲವಾದ ಮನೆಗಳಿವೆ. ಒಂದು ಕಾಲಕ್ಕೆ ತೀರ ಅಸಾಧ್ಯವಾಗಿದ್ದ ವಿಧವೆ, ವಿಚ್ಛೇದಿತೆಯರ ಮರುಮದುವೆಯೂ, ಜಾತಿ ಮೀರಿದ ಮದುವೆಯೂ ಈಗ ಹೆಚ್ಚು ಗಲಾಟೆಯಿಲ್ಲದೆ ಆಗುತ್ತವೆ. ಕೊರತೆ ಇಲ್ಲಿ ಸುಧಾರಕನ ಕೆಲಸ ಮಾಡಿತು. 1887ರ ಕೊರತೆ ಹೆಣ್ಣನ್ನು ಸರಕಾಗಿಸಿತ್ತು. ಈಗಿನ ಕೊರತೆಯಲ್ಲಿ ಬೆಲೆ ಕಟ್ಟುವವಳು ಹೆಣ್ಣೇ, ಯಾಕೆಂದರೆ ಈ ನಡುವೆ ಅವಳು ಓದಿದ್ದಾಳೆ, ದುಡಿಯುತ್ತಾಳೆ. ದೂರದ ರಾಜ್ಯಗಳಿಂದ, ಬಡ ಮನೆಗಳಿಂದ ಬರುವ ವಧುಗಳ ಮಾತು ಬೇರೆ. ಭಾಷೆ ಬಾರದ, ತವರು ಸಾವಿರಾರು ಕಿಲೊಮೀಟರ್ ಆಚೆ ಇರುವ ಹುಡುಗಿಗೆ ಈ ಷರತ್ತು ಹಾಕುವ ಬಲವಿಲ್ಲ. ಹಳೆಯ ಪ್ರಹಸನದ ವಸ್ತು ಅಲ್ಲಿ ಇನ್ನೂ ಜೀವಂತವಾಗಿರುವ ಅಪಾಯವಿದೆ.

ಜನಸಂಖ್ಯೆ ಕುಗ್ಗುತ್ತಿದೆ ಎಂಬ ಆತಂಕ ಹುಟ್ಟಿದಲ್ಲೆಲ್ಲ ದೃಷ್ಟಿ ಹೆಣ್ಣಿನ ಬಸಿರಿನ ಕಡೆ ತಿರುಗುತ್ತದೆ. ರಷ್ಯಾ 2007ರಿಂದ ಎರಡನೆಯ ಮಗು ಹೆತ್ತವರಿಗೆ 'ಮಾತೃ ಬಂಡವಾಳ' ಎಂಬ ದೊಡ್ಡ ಮೊತ್ತ ಕೊಡಲಾರಂಭಿಸಿ, 2020ರಿಂದ ಮೊದಲ ಮಗುವಿಗೂ ವಿಸ್ತರಿಸಿತು. ಸಮುದಾಯದ ವೇದಿಕೆಗಳಿಂದ ಹೆಚ್ಚು ಮಕ್ಕಳನ್ನು ಹೆರಿ ಎಂಬ ಕರೆ ಹವ್ಯಕರ ನಡುವೆಯೂ ಕೇಳಿಬಂದಿದೆ. ಹೆತ್ತ ಮೇಲೆ ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬ ವಿಷಯ ಅಲ್ಲಿಯೂ ಇಲ್ಲಿಯೂ ಭಾಷಣದಲ್ಲಿ ಬರುವುದು ಕಡಿಮೆ.

ಊರಲ್ಲೇ ಉಳಿದ ಹೆಂಗಸರು ತಮ್ಮದೇ ದಾರಿ ಮಾಡಿಕೊಂಡರು. 2001ರಲ್ಲಿ ಶಿರಸಿಯಲ್ಲಿ ಸುನೀತಾ ರಾವ್ ಮುಂದಾಳತ್ವದಲ್ಲಿ ಆರಂಭವಾದ ವನಸ್ತ್ರೀ ಹಿತ್ತಲಿನ ಬೀಜಗಳನ್ನೇ ಬಂಡವಾಳ ಮಾಡಿಕೊಂಡಿತು. ಸವತೆ, ಬದನೆ, ಅವರೆ, ಗೆಡ್ಡೆಗೆಣಸುಗಳ ನಾಟಿ ತಳಿಗಳನ್ನು ಅತ್ತೆಯಿಂದ ಸೊಸೆಗೆ, ನೆರೆಯಿಂದ ನೆರೆಗೆ ದಾಟಿಸುತ್ತ ಬಂದ ಹೆಂಗಸರು ಮಲ್ನಾಡ್ ಮೇಳದಲ್ಲಿ ಅವನ್ನು ಮಾರಾಟಕ್ಕಿಟ್ಟರು. ತೋಟ ಗಂಡನದಾದರೂ ಹಿತ್ತಲು ತನ್ನದು ಎಂಬ ಹಳೆಯ ಗಡಿಯನ್ನು ಇವರು ಮುರಿಯಲಿಲ್ಲ, ಆ ಹಿತ್ತಲಿಗೇ ಪೇಟೆಯ ಬಾಗಿಲು ತೆರೆದರು. 2000–01ರಲ್ಲಿ ಬಂದ ಸ್ತ್ರೀಶಕ್ತಿ ಗುಂಪುಗಳು, ಧರ್ಮಸ್ಥಳ ಸಂಘಗಳು ವಾರದ ಉಳಿತಾಯವನ್ನೂ ಸಾಲವನ್ನೂ ಹೆಂಗಸರ ಹೆಸರಿನಲ್ಲಿ ಬರೆಯುವ ರೂಢಿ ಬೆಳೆಸಿದವು. ಹಾಗೆ ಎತ್ತಿದ ಸಾಲದ ದುಡ್ಡು ಅನೇಕ ಸಲ ಗಂಡನ ಖರ್ಚಿಗೆ ಹೋಗಿ ಕಂತು ಮಾತ್ರ ಹೆಂಡತಿಯ ತಲೆಗೆ ಬರುತ್ತದೆ. ಗಂಡಸರದೇ ಆಗಿದ್ದ ತಾಳಮದ್ದಲೆಯಲ್ಲೂ ಯಕ್ಷಗಾನದಲ್ಲೂ ಮಹಿಳಾ ತಂಡಗಳಾಗಿವೆ. ಸ್ತ್ರೀವೇಷವನ್ನು ಗಂಡಸರೇ ಕಟ್ಟುತ್ತಿದ್ದ ರಂಗದಲ್ಲಿ ಹೆಂಗಸರು ಕೌರವನಾಗಿ ಅರ್ಥ ಹೇಳುವುದನ್ನು ಈಗ ಯಾರೂ ವಿಚಿತ್ರವೆಂದು ನೋಡುವುದಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಬಸ್ಸು, ಅದೇ ವರ್ಷದ ಆಗಸ್ಟ್ ಕೊನೆಯಿಂದ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಬಂದವು. ಶಿರಸಿ ಪೇಟೆಗೆ ಹೋಗಿ ಬರಲು ಗಂಡನಲ್ಲಿ ಬಸ್ ಚಾರ್ಜ್ ಕೇಳಬೇಕಿಲ್ಲದಿರುವುದು ಸಣ್ಣ ಸಂಗತಿಯಲ್ಲ. ಆದರೆ ಬಸ್ಸೇ ಬಾರದ ಒಳಹಳ್ಳಿಗೆ ಉಚಿತ ಟಿಕೆಟ್ಟಿನಿಂದ ಆಗುವುದು ಅಷ್ಟಕ್ಕಷ್ಟೆ. ದಿನಕ್ಕೆ ಎರಡು ಟ್ರಿಪ್ಪಿನ ಊರಿನಿಂದ ಪೇಟೆಯ ಕೆಲಸಕ್ಕೆ ನಿತ್ಯ ಹೋಗಿಬರುವುದು ಆಗದ ಮಾತು.

ಈ ಸೀಮೆಯ ನಿಜವಾದ ಅಧಿಕಾರ ಇರುವುದು ಸಹಕಾರ ಸಂಘಗಳಲ್ಲಿ. ಬೆಳೆಸಾಲ, ಗೊಬ್ಬರ, ಅಡಿಕೆ ಮಾರಾಟ, ಕಿರಾಣಿ, ಬೆಳೆವಿಮೆ ಎಲ್ಲವೂ ಅವುಗಳ ಮೂಲಕ ನಡೆಯುತ್ತವೆ. ಅವುಗಳ ಚುನಾವಣೆ ಇಲ್ಲಿ ವಿಧಾನಸಭೆಯ ಚುನಾವಣೆಯಷ್ಟೇ ಬಿಸಿಯೇರುತ್ತದೆ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಮೀಸಲಿದೆ. ಆದರೆ ಬೆಳೆಸಾಲ ಪಡೆಯುವ ಸದಸ್ಯತ್ವಕ್ಕೆ ಪಹಣಿ ಬೇಕು, ಪಹಣಿ ಗಂಡನ ಅಥವಾ ಮಾವನ ಹೆಸರಿನಲ್ಲಿದೆ. ಹೀಗಾಗಿ ವಾರ್ಷಿಕ ಮಹಾಸಭೆಯ ಸಭಾಂಗಣದಲ್ಲಿ ಹೆಂಗಸರು ಬೆರಳೆಣಿಕೆ. ಕೆಲವು ಮನೆಗಳಲ್ಲಿ ತೆರಿಗೆ, ಸಾಲದ ಮಿತಿ, ಬಡ್ಡಿ ರಿಯಾಯಿತಿಯ ಅನುಕೂಲ ನೋಡಿ ತೋಟದ ಒಂದು ಭಾಗವನ್ನು ಹೆಂಡತಿಯ ಹೆಸರಿಗೆ ಮಾಡುವುದು ಈಚೆಗೆ ಶುರುವಾಗಿದೆ. ಉದ್ದೇಶ ಏನೇ ಇರಲಿ, ಹಾಗೆ ಖಾತೆದಾರಳಾದವಳಿಗೆ ಸಂಘದ ಷೇರು, ಮತ ಮತ್ತು ಅಡಿಕೆ ಪಟ್ಟಿಯ ಹಣ ಅವಳದೇ ಹೆಸರಿನಲ್ಲಿ ಬರುತ್ತವೆ.